ದಣಿದವರ ದೋಣಿ ವಿಹಾರ

ಹೊನ್ನಾವರದಲ್ಲಿ ಶರಾವತಿಯ ಮೇಲೆ ದೋಣಿ ವಿಹಾರ ಮಾಡಿ ಪ್ರಕೃತಿ ಸೌಂದರ್ಯವನ್ನು ಸವಿದು ಬಂದೆವು ಎಂದು ನಾನು ಗೋಕಾಕದ ತುಂಬ ಹೇಳಿಕೊಂಡು ತಿರುಗುತ್ತಿದ್ದೇನೆ. ಅದರಲ್ಲಿ ದೋಣಿ ಮಾತ್ರ ನಿಜ. ಸೌಂದರ್ಯ ಹಾದುಹೋಗುವಾಗ ನಮ್ಮ ಹನ್ನೆರಡು ಜನರಲ್ಲಿ ಎಂಟು ಜನ ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದರು. ಗುಂಪು ಪ್ರವಾಸದ ಎರಡನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಮನುಷ್ಯನಿಗೆ ಬೇಕಾಗುವುದು ನದಿಯಲ್ಲ, ದಿಂಬು.

ಹಾಗೆ ನೋಡಿದರೆ ನಮಗೆ ನದಿಯ ಬರವೇನೂ ಇಲ್ಲ. ಘಟಪ್ರಭೆ ನಮ್ಮ ಮಗ್ಗುಲಲ್ಲೇ ಧುಮುಕುತ್ತಾಳೆ, ಎಲ್ಲೆಲ್ಲಿಯವರೋ ಬಂದು ನೋಡಿ ಹೋಗುತ್ತಾರೆ. ನಾನು ಆ ಜಲಪಾತವನ್ನು ಸರಿಯಾಗಿ ಕಂಡದ್ದು ಸೊಲ್ಲಾಪುರದ ಭಾವ ಬಂದಾಗ. ಅವನ ಫೋಟೊ ತೆಗೆಯುವಾಗ ಅವನ ಕಿವಿಯ ಹಿಂದೆ ಅದು ಬೀಳುತ್ತಿತ್ತು. ಹಿಂದಿನವರು ಹರಿಗೋಲು ಹತ್ತುತ್ತಿದ್ದದ್ದು ಆಚೆ ದಡದ ಹೊಲಕ್ಕೋ ಸಂತೆಗೋ ಹೋಗಲು. ಹತ್ತಿದ ದಡದಲ್ಲೇ ಇಳಿಯುವುದಕ್ಕಾಗಿ ದೋಣಿ ಹತ್ತಿದ ಮೊದಲ ಪೀಳಿಗೆ ನಮ್ಮದೇ ಇರಬೇಕು.

ಈ ಪ್ರವಾಸದ ಒಡೆಯರು ಬೆಲ್ಲದ ಬಾಗೇವಾಡಿಯ ಅಪ್ಪಣ್ಣ ಕಾಕಾ. ಸಾಲೆಯಲ್ಲಿ ಕವಾಯತು ಮಾಸ್ತರರಾಗಿದ್ದವರು. ನಿವೃತ್ತರಾದರೂ ಸೀಟಿಯನ್ನು ಇಲಾಖೆಗೆ ಒಪ್ಪಿಸಿಲ್ಲ. ಒಂದು ಸೀಟಿಗೆ ಟೆಂಪೋದಿಂದ ಇಳಿಯಬೇಕು, ಎರಡು ಸೀಟಿಗೆ ಹತ್ತಬೇಕು. ಒಂದು ಗುಡಿಯಲ್ಲಿ ನಾನು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿರುವಾಗಲೇ ಎರಡು ಸೀಟಿ ಬಿದ್ದವು. ಅರ್ಧ ಬೇಡಿಕೊಂಡು ಓಡಿಬಂದೆ. ಯಾವ ಅರ್ಧ ದೇವರಿಗೆ ಮುಟ್ಟಿತೋ ಗೊತ್ತಿಲ್ಲ.

ಈ ಗುಂಪಿನಲ್ಲಿ ನನ್ನ ಹುದ್ದೆ ನಕಲಿ ಮಾಡುವುದು, ಅಂದರೆ ಮಂದಿಯ ದನಿ ತೆಗೆದು ನಗಿಸುವುದು. ಹೊಟ್ಟೆಪಾಡಿಗೆ ಮೂಡಲಗಿಯ ಗೊಬ್ಬರದ ಅಂಗಡಿಯಲ್ಲಿ ಕೂಡುತ್ತೇನೆ, ಅದು ಬೇರೆ. ಟೆಂಪೋದಲ್ಲಿ ಕಾಕಾರ ಸೀಟಿ, ಅವರ ಹೆಂಡತಿ ಕಾಕೂನ ಬೈಗುಳ, ಘಾಟಿನಲ್ಲಿ ಏದುಸಿರು ಬಿಡುವ ಟೆಂಪೋ, ಎಲ್ಲವನ್ನೂ ಮಾಡಿ ನಗಿಸುತ್ತ ಬಂದಿದ್ದೆ. ಕರಾವಳಿ ಮುಟ್ಟುವಷ್ಟರಲ್ಲಿ ನನ್ನ ಗಂಟಲು ಹರಿದ ಜರಡಿಯಾಗಿತ್ತು.

ಆದರೆ ನಿಮ್ಮ ಮುಂದೆ ಮುಚ್ಚುಮರೆ ಏಕೆ? ನಾನು ಬಂದದ್ದು ನದಿಗಾಗಿ ಅಲ್ಲ, ಇದೇ ಟೆಂಪೋದಲ್ಲಿದ್ದ ಘೋಡಗೇರಿಯ ಶಿವ್ಯಾನಿಗಾಗಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಹೈಸ್ಕೂಲು ಮುಗಿಸಿದವರು. ಮೂರು ತಿಂಗಳ ಹಿಂದೆ ಅವನ ನಿಶ್ಚಿತಾರ್ಥದಲ್ಲಿ ಹುಡುಗಿಯ ಸೋದರಮಾವ ಏನೋ ಕೇಳಿದ್ದಕ್ಕೆ ಅವನು ಮೂರು ಸಲ ಕೆಮ್ಮಿ, ಅಪ್ಪನ ಮುಖ ನೋಡಿ, ಆಮೇಲೆ "ಹೂನ್ರಿ" ಅಂದಿದ್ದ. ಊಟದ ಪಂಕ್ತಿಯಲ್ಲಿ ನಾನು ಅದನ್ನು ಥೇಟ್ ಹಾಗೇ ಮಾಡಿ ತೋರಿಸಿದೆ. ಬೀಗರ ಮಕ್ಕಳು ಉರುಳಾಡಿ ನಕ್ಕರು. ಹುಡುಗಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ಈಗ ಆ ಮನೆಯಲ್ಲಿ ಶಿವ್ಯಾನ ಹೆಸರು ಕೆಮ್ಮಿನ ಮಾಮಾ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಒಮ್ಮೆ ಫೋನಿನಲ್ಲಿ ತಪ್ಪಾಯಿತು ಅಂದರೆ ಕರೆ ಕತ್ತರಿಸಿದ. ಮುಂದಿನ ತಿಂಗಳು ಅವನ ಲಗ್ನ. ಟೆಂಪೋದಲ್ಲಿದ್ದ ಎಲ್ಲರಿಗೂ ಅಕ್ಷತೆಯಿಟ್ಟು ಪತ್ರಿಕೆ ಕೊಟ್ಟಾಗಿತ್ತು. ನನಗೊಬ್ಬನಿಗೆ ಇಲ್ಲ.

ದೋಣಿಕಟ್ಟೆಗೆ ಬಂದೆವು. ನಮ್ಮ ಕಡೆಯವರು ಗಂಗವ್ವನಿಗೆ ಪೂಜೆ ಮಾಡದೆ ಹೊಸ ನೀರಿಗೆ ಕಾಲಿಡುವುದಿಲ್ಲ. ನಿದ್ದೆಗಣ್ಣಿನ ಕಾಕೂ ಎದುರಿಗೆ ಕಂಡ ದೋಣಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಹಸಿರು ಕುಪ್ಪಸದ ಕಣ ಇಟ್ಟು, ಒಳಗಿನ ಹಲಗೆಯ ಮೇಲೆ ಒಂದು ಡಬ್ಬಿ ಕರದಂಟು ನೈವೇದ್ಯಕ್ಕಿಟ್ಟು ಕಾಯಿ ಒಡೆಸಿದರು. ನಾವೆಲ್ಲ ಸಾಲಾಗಿ ನಿಂತು ಕೈ ಮುಗಿದೆವು. ಕೈ ಇಳಿಸುವಷ್ಟರಲ್ಲಿ ಯಾವುದೋ ಊರಿನ ಸಂಸಾರವೊಂದು ಲೈಫ್ ಜಾಕೆಟ್ ತೊಟ್ಟುಕೊಂಡು ಬಂದು ಆ ದೋಣಿ ಹತ್ತಿ ಹೊರಟೇ ಬಿಟ್ಟಿತು.

"ನಿಮ್ದು ಅದಲ್ಲ ಮಾರಾಯ್ರೆ, ಇದು" ಎಂದು ನಮ್ಮ ದೋಣಿಯವನು ಪಕ್ಕದ್ದನ್ನು ತೋರಿಸಿದ.

"ಅಯ್ಯ ನಮ್ಮವ್ವ! ಪುಣ್ಯಾ ಎಲ್ಲಾ ಅವರಿಗೆ ಹೋತಲ್ರಿ!" ಅಂದರು ಕಾಕೂ.

"ಸುಮ್ನ ಹತ್ತ. ಗಂಗವ್ವ ಒಬ್ಬಾಕೀನ ಅದಾಳ, ಮುಟ್ಟೈತಿ" ಅಂದರು ಕಾಕಾ.

"ಗಂಗವ್ವಗ ಪೂಜಿ ಮುಟ್ಟೈತಿ ಖರೆ. ಕರದಂಟು ಅವರಿಗೆ ಮುಟ್ಟೈತಿ!"

ದೋಣಿ ಹೊರಟ ಐದು ನಿಮಿಷಕ್ಕೆಲ್ಲ ಗೊರಕೆ ಶುರುವಾಯಿತು. ದೋಣಿಯವನು ಪಾಪ, ಎರಡೂ ದಡದಲ್ಲಿ ಉಪ್ಪುನೀರಲ್ಲೇ ಬೆಳೆದ ಕಾಂಡ್ಲಾ ಗಿಡಗಳನ್ನೂ ಅವುಗಳ ನೀರೊಳಗಿನ ಬೇರುಗಳನ್ನೂ ಮಲಗಿದವರಿಗೆ ಒಂದೊಂದಾಗಿ ಪರಿಚಯಿಸುತ್ತಿದ್ದ. ಶಿವ್ಯಾ ಮುಂದಿನ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತಿದ್ದ. ಕಾಕಾರಿಗೆ ಈ ನಿದ್ದೆ ಸಹನವಾಗಲಿಲ್ಲ.

"ಏ ಸಿದ್ಯಾ, ಎಲ್ಲಾರೂ ಹೆಣಾ ಬಿದ್ದಂಗ ಬಿದ್ದಾರ. ಒಂದ್ ನಕಲಿ ತಗಿ. ಶಿವ್ಯಾಂದ ಮಾಡ, ಆ ಕೆಮ್ಮಿಂದು!"

ಮಲಗಿದವರೂ ಒಂದೊಂದು ಕಣ್ಣು ತೆರೆದರು. ಶಿವ್ಯಾನ ಬೆನ್ನು ಸೆಟೆಯಿತು. ನಿಮ್ಮಾಣೆ ಹೇಳುತ್ತೇನೆ, ನನ್ನ ಹಾಳು ಗಂಟಲು ಆಗಲೇ ಕೆಮ್ಮುವುದಕ್ಕೆ ಸಿದ್ಧವಾಗಿತ್ತು. ಅದನ್ನು ನುಂಗಿ, "ಆಗೂದಿಲ್ರಿ ಕಾಕಾ" ಎಂದು ಎದ್ದು ಅವನ ಹತ್ತಿರ ಹೋಗಿ ಕುಳಿತೆ.

"ಶಿವ್ಯಾ, ತಪ್ಪಾತು ನಂದು."

ಅವನು ತಿರುಗಲಿಲ್ಲ. "ಈಗ ಯಾರ ದನಿ ತಗದಿ?"

"ನಂದ."

"ಸುಳ್ಳ ಹೇಳಬ್ಯಾಡ. ಅವತ್ತ ಫೋನಿನ್ಯಾಗೂ ತಪ್ಪಾತು ಅಂದಿ. ಅದು ನಿಮ್ಮ ಅಂಗಡಿ ಮಾಲಕರ ದನಿ ಇತ್ತು."

ಅದು ನಿಜ. ನಾಚಿಕೆಯಾದಾಗಲೆಲ್ಲ ನಾನು ಯಾರದೋ ದನಿಯೊಳಗೆ ಹೋಗಿ ಅಡಗಿಕೊಳ್ಳುತ್ತೇನೆ. ಕ್ಷಮೆ ಕೇಳುವುದಕ್ಕೆಂದು ನನ್ನದೇ ಒಂದು ದನಿಯನ್ನು ನಾನು ಇಟ್ಟುಕೊಂಡಿರಲೇ ಇಲ್ಲ. ಆದರೆ ಆ ಹೊತ್ತಿಗೆ ಎರಡು ದಿನದ ಅಲೆದಾಟದಲ್ಲಿ ಬೇರೆಯವರ ದನಿಗಳೆಲ್ಲ ಖರ್ಚಾಗಿದ್ದವು.

"ಸಾಕಾಗೇತೋ ನನಗ" ಎಂದೆ. "ನಿನಗ ಹಂಗ ಮಾಡಬಾರದಿತ್ತು. ಇದಕಿಂತ ಛಂದ ಹೇಳಾಕ ಬರೂದಿಲ್ಲ."

ಅವನು ತಿರುಗಿ ನನ್ನನ್ನು ದಿಟ್ಟಿಸಿದ. ಬಿಸಿಲಿಗೆ ಸುಟ್ಟು, ನಿದ್ದೆಗೆಟ್ಟು, ಕೆಂಪು ಜಾಕೆಟ್ಟಿನಲ್ಲಿ ಉಬ್ಬಿದ ನನ್ನ ರೂಪ ಹೇಗಿತ್ತೋ.

"ಈ ದನಿ ಖರೇನ ನಿಂದ ಇರಬೇಕು. ಇಷ್ಟ ಕೆಟ್ಟದ್ದ ಯಾರರೆ ಯಾಕ ನಕಲಿ ಮಾಡ್ಯಾರು?"

ಹಾಗೆಂದವನೇ ಎದ್ದು ನಿಂತ. ಎಲ್ಲರ ಕಡೆ ತಿರುಗಿ ಹೆಗಲು ಕುಗ್ಗಿಸಿದ, ತುಟಿ ನೆಕ್ಕಿಕೊಂಡ, ಯಾರ್‍ಯಾರು ನೋಡುತ್ತಿದ್ದಾರೆಂದು ಓರೆಗಣ್ಣಿನಲ್ಲಿ ಒಂದು ಸುತ್ತು ಲೆಕ್ಕ ಹಾಕಿದ. ಆಮೇಲೆ ಜರಡಿ ಗಂಟಲಿನಲ್ಲಿ "ತಪ್ಪಾತು ನಂದು" ಅಂದ. ದೋಣಿ ಅಲುಗಾಡುವಂತೆ ಎಲ್ಲರೂ ನಕ್ಕರು. "ಅಯ್ಯ, ಥೇಟ್ ಸಿದ್ಯಾನ!" ಎಂದು ಕಾಕೂ ಕಣ್ಣೊರೆಸಿಕೊಂಡರು. ದೋಣಿಯವನು ಸಹ ಗಿಡಗಳನ್ನು ಬಿಟ್ಟು ನನ್ನನ್ನು ನೋಡಿದ.

ನಗಿಸುವ ಮೊದಲು ನಾನು ಹಾಗೆ ಓರೆಗಣ್ಣಿನಲ್ಲಿ ಜನರನ್ನು ಅಳೆಯುತ್ತೇನೆಂದು ನನಗೆ ಯಾರೂ ಹೇಳಿರಲಿಲ್ಲ. ನೀರಿಗೆ ಹಾರಿಬಿಡೋಣ ಎನಿಸಿತು. ಮೈಮೇಲಿನ ಜಾಕೆಟ್ ಮುಳುಗಲೂ ಬಿಡುತ್ತಿರಲಿಲ್ಲ.

ಶಿವ್ಯಾ ಕುಳಿತು ಕೇಳಿದ, "ಹ್ಯಾಂಗಿತ್ತು?"

"ಉರೀತು."

"ನನಗೂ ಹಂಗ ಉರದಿತ್ತು." ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. "ಪತ್ರಿಕಿ ಟೆಂಪೋದಾಗ ನನ್ನ ಬ್ಯಾಗಿನ್ಯಾಗ ಐತಿ. ನಿನ್ನ ಹೆಸರು ಮೊದಲ ಬರದೇನಿ, ಕೊಡಾಕ ಕೈ ಬಂದಿರಲಿಲ್ಲ. ಬಾ ಲಗ್ನಕ್ಕ. ಬೀಗರ ಹುಡುಗೋರ ಮುಂದ ಈ ಸಲ ನಿನ್ನ ನಕಲಿ ನಾ ಮಾಡಾಂವ."

ಒಪ್ಪಿಕೊಂಡು ಬಂದಿದ್ದೇನೆ. ಗೊಬ್ಬರದ ಚೀಲಗಳ ನಡುವೆ ಕುಳಿತು ಈಗ ನನ್ನ ನಕಲಿಗೆ ನಾನೇ ನಗುವ ತಾಲೀಮು ನಡೆಸಿದ್ದೇನೆ. ಮಂದಿಯ ದನಿ ಕಲಿತಷ್ಟು ಸುಲಭವಲ್ಲ ಅದು. ನಮ್ಮ ಮೇಲೆ ಬಿದ್ದ ನಗೆಗೆ ಎಲ್ಲರಿಗಿಂತ ಒಂದು ಕ್ಷಣ ಮೊದಲು ನಕ್ಕರೆ ನಾಟಕವಾಗುತ್ತದೆ, ಒಂದು ಕ್ಷಣ ತಡವಾದರೆ ಸಿಟ್ಟು ಎಂದು ಗೊತ್ತಾಗಿಬಿಡುತ್ತದೆ.