ಬಿರುಕಿಗೆ ಹಚ್ಚಿದ ಸುಣ್ಣ

ಮೊನ್ನೆ ಹಾಸನದಲ್ಲಿ ಊಟ ಮುಗಿಸಿ ಬೀಡಾ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಡಬ್ಬಿ ತೆಗೆದು ಎಲೆಯ ಮೇಲೆ ಬೆರಳಿನಿಂದ ಸುಣ್ಣ ಎಳೆದ. ಆ ಹಸಿ ಸುಣ್ಣದ ವಾಸನೆಗೆ ಕ್ವಾರಿಯ ಮೇಸ್ತ್ರಿ ನೆನಪಾದರು. ಬೀಡಾ ಬೇಡವೆಂದು ಹೊರಟುಬಿಟ್ಟೆ...

ಹಳೇಕೋಟೆಯ ಕಡೆ ಒಂದು ಕಲ್ಲು ಕ್ವಾರಿ. ಗುಂಡಿಯನ್ನು ಎಷ್ಟು ಆಳಕ್ಕೆ, ಎಷ್ಟು ಇಳಿಜಾರಾಗಿ ತೋಡಬೇಕು, ಅದಕ್ಕೆ ಎಷ್ಟು ಖರ್ಚು ಎಂದು ನಕ್ಷೆ ಮತ್ತು ಅಂದಾಜು ಮಾಡುವುದು ನನ್ನ ಕೆಲಸ. ಗುಂಡಿಯ ಗೋಡೆಯನ್ನು ನೆಟ್ಟಗೆ ಕಡಿಯುವುದಿಲ್ಲ. ಮೆಟ್ಟಿಲು ಬಿಟ್ಟು ಬಿಟ್ಟು ಇಳಿಯಬೇಕು. ಮೆಟ್ಟಿಲು ಅಗಲವಾದಷ್ಟೂ ಮೇಲಿನ ಮಣ್ಣು ಹೆಚ್ಚು ತೆಗೆಯಬೇಕು, ಖರ್ಚು ಏರುತ್ತದೆ. ನಾನು ನಾಲ್ಕೂ ಕಡೆ ಒಂದೇ ಅಗಲ ಇಟ್ಟು, ಅದನ್ನೂ ಆದಷ್ಟು ಕಿರಿದು ಮಾಡಿದ್ದೆ. ಮಾಲೀಕರಿಗೆ ಬಹಳ ಹಿಡಿಸಿತ್ತು.

ಮೇಸ್ತ್ರಿಗೆ ಹಿಡಿಸಲಿಲ್ಲ. ಪೂರ್ವದ ಅಂಚಿನಲ್ಲಿ ನಾನು ಬೆಳಿಗ್ಗೆ ನೆಟ್ಟ ಗೂಟಗಳು ಮಧ್ಯಾಹ್ನದ ಹೊತ್ತಿಗೆ ಎರಡು ಮಾರು ಹಿಂದೆ ಹೋಗಿರುತ್ತಿದ್ದವು. ಮತ್ತೆ ನೆಡುತ್ತಿದ್ದೆ. ಮತ್ತೆ ಹೋಗಿರುತ್ತಿದ್ದವು. ಮೂರನೆಯ ಸಲ ಕೂಗಾಡಿದೆ. ಅವರು ಎಲೆ ಜಗಿಯುತ್ತಾ, "ನಿಮ್ ಪೇಪರ್‌ನಾಗೆ ಬಂಡೆ ಸುಮ್ಕೆ ಕುಂತೈತೆ ಸಾ. ಇಲ್ಲಿ ಅದರ ಪದರೆಲ್ಲಾ ಗುಂಡಿ ಕಡೀಕೇ ವಾಲೈತೆ. ನೀವು ನಾಕೂ ಕಡೀಕೆ ಒಂದೇ ಗೆರೆ ಎಳೆದ್ಬುಟ್ರೆ ಅದು ಕೇಳ್ತದಾ?" ಎಂದರು. ಸುತ್ತ ಇದ್ದವರು ನಕ್ಕರು. ನನಗೆ ಮೈಯುರಿಯಿತು. ಮಾಲೀಕರಿಂದ ಹೇಳಿಸಿ ನನ್ನ ಗೆರೆಯಲ್ಲೇ ಕಡಿಸಿದೆ.

ಇನ್ನೊಂದು ಕಾಟ ಅವರ ಸುಣ್ಣ. ಗುಂಡಿಯ ಅಂಚಿನ ಬಂಡೆಯಲ್ಲಿ ಬಿರುಕು ಕಂಡಲ್ಲೆಲ್ಲ ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಅಡ್ಡಲಾಗಿ ಒಂದು ಪಟ್ಟಿ ಹಚ್ಚುತ್ತಿದ್ದರು. ಬೆಳಿಗ್ಗೆ ಬಗ್ಗಿ ಬಗ್ಗಿ ಒಂದೊಂದನ್ನೂ ನೋಡಿ ಮುಗಿಸುವವರೆಗೆ ಯಾರೂ ಕೆಳಗಿಳಿಯುವಂತಿಲ್ಲ. ಅಗೆಯುವ ಹಿಟಾಚಿ ಸುಮ್ಮನೆ ಡೀಸೆಲ್ ಕುಡಿಯುತ್ತಾ ನಿಂತಿರುತ್ತಿತ್ತು. ನಾನು ಗಡಿಯಾರ ನೋಡುತ್ತಾ ನಿಂತಿರುತ್ತಿದ್ದೆ.

ಒಂದು ಬೆಳಿಗ್ಗೆ ಪೂರ್ವದ ಅಂಚಿನ ಮೂರು ಪಟ್ಟಿಗಳು ಸೀಳಿಹೋಗಿದ್ದವು. "ಒಣಗಿದ ಸುಣ್ಣ ಬಿರಿಯದೆ ಇನ್ನೇನಾಗುತ್ತೆ?" ಎಂದೆ.

"ಒಣಗಿ ಬಿರಿದ್ರೆ ಬಲೆಯಂಗೆ ಬಿರೀತದೆ ಸಾ. ಇಲ್ನೋಡಿ, ಕೂದ್ಲೆಳೆಯಂಗೆ ಒಂದೇ ಗೀಟು. ಬಂಡೆ ಕದಲ್ತಾ ಐತೆ."

ನಾನು ಬಗ್ಗಿ ನೋಡಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು: ನೋಡಿ ಒಪ್ಪಲಿಲ್ಲ ಎಂದಲ್ಲ, ನೋಡಲೇ ಇಲ್ಲ. ಏಳು ಜನರಿಗೆ ಇಳಿಯಲು ಹೇಳಿದೆ. ಮೇಸ್ತ್ರಿ ಗುಂಡಿಗಿಳಿಯುವ ದಾರಿಯಲ್ಲಿ ಟವೆಲ್ ಹಾಸಿ ಅಡ್ಡಲಾಗಿ ಮಲಗಿಬಿಟ್ಟರು. "ನನ್ನ ದಾಟ್ಕಂಡು ಓಗೋರು ಓಗ್ರಲಾ!" ಮಲಗಿದ ಹಿರಿಯರನ್ನು ದಾಟುವುದು ಅಲ್ಲಿ ಯಾರಿಂದಲೂ ಆಗದ ಕೆಲಸ. ಏಳು ಜನವೂ ನಿಂತರು. ನಾನು ಮಾಲೀಕರಿಗೆ ಫೋನ್ ಮಾಡಿ, ಈ ಮನುಷ್ಯನನ್ನು ತೆಗೆದುಹಾಕಿ ಎಂದೆ. ಆಗಲಿ ಎಂದರು.

ಹನ್ನೊಂದೂವರೆಗೆ ನಾಲ್ಕೈದು ಸಣ್ಣ ಕಲ್ಲು ಉರುಳಿದವು. ಆಮೇಲೆ ಪೂರ್ವದ ಗೋಡೆ, ನನ್ನ ಮೆಟ್ಟಿಲುಗಳ ಸಮೇತ, ಜಾರಿ ಬಂತು. ಧೂಳು ಇಳಿದಾಗ ಆ ಏಳು ಜನ ನಿಂತು ಕೆಲಸ ಮಾಡಬೇಕಿದ್ದ ಜಾಗವೇ ಇರಲಿಲ್ಲ. ಮೇಸ್ತ್ರಿ ಎದ್ದು ಟವೆಲ್ ಕೊಡವಿದರು. ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿಕೊಂಡರು.

ಸಂಜೆ ವರದಿ ಬರೆದೆ. "ಯಾವ ಮುನ್ಸೂಚನೆಯೂ ಇರಲಿಲ್ಲ ಅಂತ ಬರೀರಿ" ಎಂದರು ಮಾಲೀಕರು. ಬರೆದೆ. ಸೂಚನೆ ಕೊಟ್ಟವರು ಅಲ್ಲೇ ಇದ್ದರೆ ಆ ಸುಳ್ಳು ನಿಲ್ಲುವುದಿಲ್ಲವಲ್ಲ. ಬೆಳಿಗ್ಗೆ ನಾನು ಕೇಳಿದ್ದನ್ನು ಮಾಲೀಕರು ಸಂಜೆಗೆ ನಡೆಸಿಕೊಟ್ಟರು: ಅವರನ್ನು ಕೆಲಸದಿಂದ ತೆಗೆದರು. ಮೇಸ್ತ್ರಿ ಮಲ್ಲಿಪಟ್ಟಣದಲ್ಲಿದ್ದ ಮಗಳ ಮನೆ ಸೇರಿದರೆಂದು ಆಮೇಲೆ ತಿಳಿಯಿತು. ಹೋಗಿ ಒಂದು ಮಾತು ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಹೋದ ವರ್ಷ ಹೋದೆ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಮಗಳು ನೀರು ಕೊಟ್ಟು, "ಅಪ್ಪ ನಿಮ್ ಇಚಾರ ಏಳ್ತಿತ್ತು ಸಾ. ಗೂಟ ಮಾತ್ರ ಸಂದಾಗಿ ನೆಡೋರು ಅಂತ ನಗ್ತಿತ್ತು" ಎಂದಳು.

ಈಗ ಚನ್ನರಾಯಪಟ್ಟಣದ ಬಳಿ ಇನ್ನೊಂದು ಕ್ವಾರಿಯ ಅಂದಾಜು ಮಾಡುತ್ತಿದ್ದೇನೆ. ಕಂಪ್ಯೂಟರ್ ನಾಲ್ಕೂ ಗೋಡೆಗೆ ಒಂದೇ ಇಳಿಜಾರು ಕೊಟ್ಟಿತ್ತು. ಪದರು ವಾಲಿರುವ ಕಡೆ ಅಂಚಿನ ಗೆರೆಯನ್ನು ಎರಡು ಮಾರು ಹಿಂದಕ್ಕೆ ಸರಿಸಿದ್ದೇನೆ. ಇಲ್ಲಿಯ ಮಾಲೀಕರು ದಿನಕ್ಕೆರಡು ಸಲ ಫೋನ್ ಮಾಡಿ ರೇಗುತ್ತಾರೆ. ನಾನೂ ರೇಗುತ್ತೇನೆ. ಎರಡು ಮಾರು ಸಾಕೋ, ಮೂರು ಬೇಕೋ... ಕೇಳೋಣವೆಂದರೆ, ಬಗ್ಗಿ ನೋಡಿ ಹೇಳುವವರು ಇಲ್ಲ.