ಸಂದು ಬಿಟ್ಟ ಪಿಸ್ತೂಲು

ಒಂದು ತಲೆಮಾರಿನ ಸೈನಿಕರು ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳುಗಾಡು, ಹಿಮ, ಜೌಗು ಎಲ್ಲ ಸುತ್ತಿದ, ಈ ವರ್ಷವಷ್ಟೇ ಸೇವೆಯಿಂದ ನಿವೃತ್ತಿಯಾದ ಪಿಸ್ತೂಲು ನಮ್ಮ ದೊಡ್ಡಪ್ಪನ ಜಂಬದಿಂದಾಗಿ ಹುಟ್ಟುವ ಮೊದಲೇ ಸಾಯುವುದರಲ್ಲಿತ್ತು. ಇದನ್ನು ಅವರೆದುರಿಗೇ ಹೇಳುತ್ತೇನೆ. ಅವರು ನಗುತ್ತಾರೆ.

ದೊಡ್ಡಪ್ಪ ಆಗ ಶಸ್ತ್ರ ಕಾರ್ಖಾನೆಯಲ್ಲಿ ಫಿಟ್ಟರ್ ಮೇಸ್ತ್ರಿ. ಅರ ಹಿಡಿದು ಉಜ್ಜಿದರೆಂದರೆ ಎರಡು ಉಕ್ಕಿನ ತುಂಡುಗಳ ನಡುವೆ ಗಾಳಿಯೂ ನುಸುಳಬಾರದು. ಹೊಸ ಪಿಸ್ತೂಲಿನ ನಕ್ಷೆ ಬರೆದ ಇಂಜಿನಿಯರಮ್ಮನೋ, ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಮೇಲ್ಭಾಗಕ್ಕೂ ಅದು ಕೂರುವ ಚೌಕಟ್ಟಿಗೂ ನಡುವೆ ಒಂದಿಷ್ಟು ಸಂದು ಬಿಟ್ಟಿದ್ದರು. ದೊಡ್ಡಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. "ಸಂದು ಬಿಡೋದಕ್ಕೆ ಮೇಸ್ತ್ರಿ ಯಾಕೆ ಬೇಕು?" ಎಂದು ಗೊಣಗಿ, ಯಾರಿಗೂ ಹೇಳದೆ ಬಿಗಿಯಾಗಿಯೇ ಕೂರಿಸಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಸೈನ್ಯದ ಪರೀಕ್ಷೆಯಲ್ಲಿ ಪಿಸ್ತೂಲನ್ನು ಕೆಸರಲ್ಲಿ ಹೂತು ತೆಗೆದರು. ಒಂದು ಗುಂಡು ಹಾರಿತು, ಅಷ್ಟೇ. ಹೊರಬೀಳಲು ಸಂದಿಲ್ಲದೆ ಮರಳಿನ ಕಣ ಸಿಕ್ಕಿ ಮೇಲ್ಭಾಗ ಅರ್ಧದಲ್ಲೇ ಕಚ್ಚಿಕೊಂಡಿತು. ಇನ್ನೊಮ್ಮೆ ಸೋತರೆ ಹೊರದೇಶದ್ದನ್ನೇ ಕೊಳ್ಳುತ್ತೇವೆ ಎಂದರು ಅಧಿಕಾರಿಗಳು. ಅಂದರೆ ನಮ್ಮ ವಿಭಾಗಕ್ಕೇ ಬೀಗ. ಅಲ್ಲಿ ಸ್ಪ್ರಿಂಗ್ ಸುತ್ತುತ್ತಿದ್ದ ನನಗೂ ಮನೆಯ ದಾರಿ.

ಆ ರಾತ್ರಿ ಊಟಕ್ಕೆ ಕೂತಾಗಲೂ ದೊಡ್ಡಪ್ಪ, ತಾವು ಬಿಗಿಯಾಗಿ ಕೂರಿಸಿದ್ದೇ ಸರಿ ಎಂದರು. ದೊಡ್ಡಮ್ಮ ಅಂದರು: "ನೀವು ಹಾಗೇ ಬಿಗಿಯಾಗಿ ಕೂರಿಸಿದ ಬಚ್ಚಲ ಬಾಗಿಲು ಮಳೆ ಬಂದ್ರೆ ತೆಗೆಯೋಕಾಗಲ್ಲ. ನಾನೇನೋ ಒಳಗಿಂದ ನಿಮ್ಮನ್ನ ಕೂಗ್ತೀನಿ. ಕೆಸರಲ್ಲಿ ಬಿದ್ದಿರೋ ಆ ಸಿಪಾಯಿ ಯಾರನ್ನ ಕೂಗ್ಬೇಕು ರೀ?"

ದೊಡ್ಡಪ್ಪ ಅರ್ಧ ಊಟಕ್ಕೇ ಎದ್ದರು. ಮರುದಿನ ಇಂಜಿನಿಯರಮ್ಮನ ಮುಂದೆ ನಿಂತು, "ತಪ್ಪು ನಕ್ಷೇದಲ್ಲ ತಾಯಿ, ನಂದು," ಎಂದರು. ಆ ಬಾಯಲ್ಲಿ ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಆಕೆ ಬೈಯಲಿಲ್ಲ, ನಕ್ಷೆಯನ್ನು ಮತ್ತೆ ಹರಡಿಟ್ಟರು. ದೊಡ್ಡಪ್ಪ ಹಲ್ಲು ಕಚ್ಚಿಕೊಂಡು ಅದರಲ್ಲಿದ್ದಂತೆಯೇ ಉಜ್ಜಿದರು.

ಎರಡನೆಯ ಪರೀಕ್ಷೆಯ ದಿನ ಅಧಿಕಾರಿ ಪಿಸ್ತೂಲು ಅಲ್ಲಾಡಿಸಿ, "ಏನ್ರೀ ಇದು, ಲೊಡಲೊಡ ಅಂತಿದೆ!" ಎಂದು ಮೂಗು ಮುರಿದರು. ಸಿಪಾಯಿ ಅದನ್ನು ಕೆಸರಲ್ಲಿ ಹೂತ, ತೆಗೆದ, ಗುರಿಯಿಟ್ಟ. ಢಮ್! ಮತ್ತೆ ಢಮ್! ಪಿಸ್ತೂಲು ಕೆಸರು ಉಗುಳುತ್ತ ಕೊನೆಯ ಗುಂಡನ್ನೂ ಹಾರಿಸಿತು. ಮತ್ತೆ ತುಂಬಿದ, ಮತ್ತೂ ಹಾರಿಸಿತು. ನಾವೆಲ್ಲ ನಿಂತಲ್ಲೇ ಕುಣಿದುಬಿಟ್ಟೆವು. ಇಂಜಿನಿಯರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು.

ದೊಡ್ಡಪ್ಪ ಖಾಲಿ ಪಿಸ್ತೂಲನ್ನು ಸಿಪಾಯಿಯ ಕೈಯಿಂದ ಕಿತ್ತುಕೊಂಡು ಅಧಿಕಾರಿಯ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಕೇಳಿಸ್ತಾ ಸಾರ್? ಇಷ್ಟು ಚೆನ್ನಾಗಿ ಸಡಿಲ ಮಾಡೋದು ಇಡೀ ದೇಶದಲ್ಲಿ ನನಗೊಬ್ಬನಿಗೇ ಗೊತ್ತು!"