ಅಕ್ಕನ ನಾರ್ವೆಯ ಗೆಳತಿ

ಮಸ್ಕಿಯಲ್ಲಿರುವ ನನ್ನ ಅಕ್ಕನಿಗೆ ನಾರ್ವೆಯಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾಳೆಂದು ಗೊತ್ತಾದ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಕ್ಕ ಜಂಪರ್ ಹೊಲಿಯುವವಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ನಾನು ಸಿಂಧನೂರಿನಲ್ಲಿ ಟೀಚರು. ಪ್ರತಿ ಭಾನುವಾರ ಅವಳ ಮನೆಗೆ ಹೋಗಿ, ಉಂಡು, ಸಂಜೆ ಆರರ ಬಸ್ಸಿಗೆ ವಾಪಸ್ಸಾಗುತ್ತಿದ್ದೆ. ಅಷ್ಟು ಮಾಡಿದರೆ ತಂಗಿಯ ಕರ್ತವ್ಯ ಮುಗಿಯಿತು ಎಂದು ತಿಳಿದವಳು ನಾನು.

ಫೋನಿನಲ್ಲಿ ಬಂದ ಜಾಹೀರಾತು ನೋಡಿ ಅವಳು ಯಾವುದೋ ಪತ್ರಮಿತ್ರರ ಸಂಸ್ಥೆಗೆ ಸೇರಿಕೊಂಡಿದ್ದಳು. ವರ್ಷದ ಚಂದಾ ಕಟ್ಟಿ, ಕನ್ನಡದಲ್ಲೇ ಪತ್ರ ಬರೆದು ಅವರ ಆಫೀಸಿಗೆ ಹಾಕಿದರೆ ಸಾಕು. ಅವರು ತರ್ಜುಮೆ ಮಾಡಿ ಪರದೇಶಕ್ಕೆ ಮುಟ್ಟಿಸುತ್ತಾರಂತೆ. ಅಲ್ಲಿಂದ ಬಂದ ಉತ್ತರವನ್ನು ಕನ್ನಡದಲ್ಲಿ ಟೈಪ್ ಮಾಡಿ ಇವಳಿಗೆ ಕಳಿಸುತ್ತಾರಂತೆ.

“ಈ ಕಾಲದಾಗ ಪತ್ರ ಯಾರು ಬರೀತಾರಬೇ ಅಕ್ಕಾ? ಮಾತಾಡಾಕ ಫೋನಿಲ್ಲೇನು?” ಎಂದೆ.

“ಫೋನಿನ್ಯಾಗ ನಾ ಒಂದು ಮಾತು ಮುಗಸೂದ್ರಾಗ ಆ ಕಡಿಯವ್ರು ಎರಡು ಆಡಿರ್ತಾರ. ಪತ್ರದಾಗ ಯಾರೂ ನಡುವ ಬಾಯಿ ಹಾಕಂಗಿಲ್ಲ,” ಎಂದಳು. ಆ ಕಡೆಯವರು ಯಾರೆಂದು ನಾನು ಕೇಳಲಿಲ್ಲ.

ಉತ್ತರಗಳು ಬಂದವು. ‘ನಮ್ಮೂರಿನ ನದಿಯ ದಂಡೆಯಲ್ಲಿ ಒಂದು ಮರವಿದೆ. ಅದರ ಕೆಳಗೆ ಕುಳಿತು ನಿನ್ನ ಪತ್ರವನ್ನು ಎರಡೆರಡು ಸಲ ಓದುತ್ತೇನೆ’ ಎಂಬ ಸಾಲು ಅಕ್ಕನಿಗೆ ಬಾಯಿಪಾಠವಾಗಿತ್ತು. ಸಂತೆಕಲ್ಲೂರಿನಲ್ಲಿದ್ದ ನಮ್ಮ ಅವ್ವ ತೀರಿಕೊಂಡಾಗ ಅಕ್ಕ ಅದನ್ನೂ ಬರೆದಳು. ‘ನಿನ್ನ ಮನೆಯವರೆಲ್ಲ ಸುಖವಾಗಿರುವುದು ತಿಳಿದು ಸಂತೋಷವಾಯಿತು’ ಎಂದು ಉತ್ತರ ಬಂತು. “ನನ್ನ ಪತ್ರ ಅಕಿಗೆ ಇನ್ನಾ ಮುಟ್ಟಿಲ್ಲ ಕಾಣ್ತೈತಿ,” ಎಂದು ಅಕ್ಕ ತಾನೇ ಸಮಾಧಾನ ಹೇಳಿಕೊಂಡಳು.

ಅದರ ಮುಂದಿನ ಪತ್ರದಲ್ಲಿ ಆ ಗೆಳತಿ ‘ನಿನ್ನ ಮನೆಯದೊಂದು ಚಿಕ್ಕ ನೆನಪು ಕಳಿಸು’ ಎಂದಿದ್ದಳು. ನಮ್ಮ ಮನೆಯಲ್ಲಿ ತಾಯಿಯ ಸೀರೆ ಹೊದೆಯುವ ಕೌದಿಯಾಗಿ ಹೆಣ್ಣುಮಕ್ಕಳಿಗೆ ಬರುತ್ತದೆ. ಅವ್ವನ ಇಳಕಲ್ ಸೀರೆಯನ್ನು ಎರಡು ಕೌದಿಗಾಗಿ, ಒಂದು ಅವಳಿಗೆ ಒಂದು ನನಗೆ ಎಂದು ಎತ್ತಿಟ್ಟಿದ್ದೆವು. ಒಂದು ಭಾನುವಾರ ಟ್ರಂಕು ತೆಗೆದು ನೋಡುತ್ತೇನೆ, ಕೆಂಪು ಸೆರಗಿನಲ್ಲಿ ನಾಲ್ಕು ಬೆರಳಗಲದ ಚೌಕ ಮಾಯ! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ಅರ್ಧ ಸೀರಿ ನಂದು! ಯಾರ್ನ ಕೇಳಿ ಕತ್ತರಿ ಹಾಕಿದಿ?”

“ಅವ್ವ ಸಂತೆಕಲ್ಲೂರು, ಮಸ್ಕಿ ಬಿಟ್ಟು ಎಲ್ಲಿಗೂ ಹೋದಾಕಿ ಅಲ್ಲ. ಅಕಿ ಸೆರಗರ ದೇಶ ನೋಡ್ಲಿ ಅಂತ ಕಳಿಸೀನಿ.”

ಎರಡು ವಾರ ನಾನು ಮಸ್ಕಿಯ ಕಡೆ ತಲೆ ಹಾಕಲಿಲ್ಲ.

ಆಮೇಲೆ ಲಿಂಗಸುಗೂರಿನಲ್ಲಿ ಶಿಕ್ಷಕರ ತರಬೇತಿ. ಪಕ್ಕದಲ್ಲಿ ಕುಳಿತ ಟೀಚರು ತಮ್ಮ ಜಪಾನಿನ ಗೆಳತಿಯ ಪತ್ರವನ್ನು ಹೆಮ್ಮೆಯಿಂದ ತೋರಿಸಿದರು. ಓದಿದೆ. ಅದೇ ನದಿ, ಅದೇ ಮರ, ಎರಡೆರಡು ಸಲ ಓದುವ ಅದೇ ಸಾಲು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವರಿಬ್ಬರೂ ಬೆಪ್ಪಾಗಿ ಕುಳಿತೆವು. ಆ ಪತ್ರದ ಫೋಟೋ ತೆಗೆದುಕೊಂಡು, ವಾಪಸ್ ಬರುವಾಗ ಮಸ್ಕಿಯಲ್ಲಿ ಇಳಿದೆ.

ಅಕ್ಕ ಅದನ್ನು ಓದಿ, ತನಗೆ ಬಂದ ಪತ್ರ ತಂದು ಪಕ್ಕಕ್ಕಿಟ್ಟು ಸಾಲು ಸಾಲು ಹೋಲಿಸಿದಳು. ನಾನು ಗೆದ್ದೆ ಅನ್ನಿಸಬೇಕಾಗಿತ್ತು. ಹಾಳಾದ್ದು, ಅವಳ ಮುಖ ನೋಡಿ ಹಾಗೆ ಅನ್ನಿಸಲೇ ಇಲ್ಲ.

“ಹಂಗಾರ ಅವ್ವನ ಸೆರಗು ಎಲ್ಲೈತಿ?” ಎಂದಳು.

ಮಾರನೆಯ ದಿನದಿಂದ ನಾನು ಆ ಸಂಸ್ಥೆಗೆ ಫೋನು ಹಚ್ಚತೊಡಗಿದೆ. ಚಂದಾ ವಾಪಸ್ ಕೊಡುವ ಪದ್ಧತಿ ಇಲ್ಲ ಮೇಡಂ ಎಂದು ಒಂದು ಹುಡುಗಿ ಹೇಳಿದಳು. ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದು ಕೂಗಾಡಿದ ಮೇಲೆ ಒಂದು ಫಾರಂ ಬಂತು. ‘ಏನು ವಾಪಸ್ ಬೇಕು’ ಎಂಬಲ್ಲಿ ಅಕ್ಕ ‘ನಮ್ಮ ಅವ್ವನ ಸೆರಗಿನ ತುಂಡು’ ಎಂದು ಬರೆದು ಪೆನ್ನು ಕೆಳಗಿಟ್ಟಳು.

“ರೊಕ್ಕ ಬರಿಯಬೇ!”

“ರೊಕ್ಕ ನಾ ಆಸೆಗೆ ಕೊಟ್ಟಿದ್ದು, ಹೋತು. ಅವ್ವನ್ನ ಏನ್ ಅವ್ರಿಗೆ ಕೊಟ್ಟಿಲ್ಲಲ್ಲ.”

ಅದರ ಕೆಳಗೆ ‘ಮತ್ತು ಪೂರ್ತಿ ಚಂದಾ’ ಎಂದು ನಾನೇ ಸೇರಿಸಿದೆ. ಸುಮ್ಮನಿರುವುದು ನನ್ನ ಜಾಯಮಾನದಲ್ಲಿ ಇಲ್ಲ.

ತಿಂಗಳಾದರೂ ಸುದ್ದಿಯಿಲ್ಲ. ಒಂದು ದಿನ ನಾನು ಆ ಹುಡುಗಿಯನ್ನು ಬಯ್ಯುತ್ತಿರುವಾಗ ಅಕ್ಕ ನನ್ನ ಕೈಯಿಂದ ಫೋನು ಕಸಿದುಕೊಂಡಳು. “ಯವ್ವಾ, ಉಂಡಿಯೇನವ್ವಾ? ನಾಕು ಬೆರಳಗಲದ ಕೆಂಪನ್ನ ಅರಿವಿ. ನಡುವ ಬಿಳಿ ಪಟ್ಟಿ ಐತಿ. ನಮ್ಮ ಅವ್ವಂದು. ಒಂದೀಟು ಹುಡುಕಿ ನೋಡವ್ವಾ.”

ಆ ಕಡೆಯಿಂದ ಹುಡುಗಿಯ ದನಿ ಸಣ್ಣಗೆ ಕೇಳಿಸಿತು, “ನೋಡ್ತೀನಿ ಅಮ್ಮಾ.”

ಎಂಟು ದಿನಕ್ಕೆ ಒಂದು ಪಾರ್ಸೆಲ್ ಬಂತು. ಚಂದಾ ಬರಲಿಲ್ಲ, ಇಂದಿಗೂ ಬಂದಿಲ್ಲ. ಭಾನುವಾರ ನಾನು ಹೋಗುವವರೆಗೆ ಅಕ್ಕ ಅದನ್ನು ಬಿಚ್ಚಿರಲಿಲ್ಲ. ಒಳಗೆ ಅವಳೇ ಬರೆದು ಕಳಿಸಿದ ಒಂಬತ್ತು ಲಕೋಟೆಗಳು. ಒಂದರ ಅಂಟೂ ಬಿಟ್ಟಿರಲಿಲ್ಲ. ತರ್ಜುಮೆ ದೂರದ ಮಾತು, ಅವನ್ನು ಯಾರೂ ತೆರೆದೇ ಇರಲಿಲ್ಲ.

ಅಕ್ಕ ಉಬ್ಬಿದ ಲಕೋಟೆಯನ್ನು ಗುರುತಿಸಿ ಕತ್ತರಿಯಿಂದ ಅಂಚು ಸೀಳಿದಳು. ಕೆಂಪು ತುಂಡು ಮಡಿಕೆಯೂ ಕೆಡದೆ ಅಲ್ಲಿತ್ತು. ಟ್ರಂಕಿನಿಂದ ಸೀರೆ ತಂದು, ಸೆರಗಿನ ತೂತಿನ ಮೇಲೆ ಅದನ್ನಿಟ್ಟು, ಬೊಗಸೆಯಿಂದ ಮುಚ್ಚಿ ಕುಳಿತಳು. ಆಗ ಅತ್ತಳು. ಒಂಬತ್ತೂ ಲಕೋಟೆಗಳನ್ನು ನನ್ನ ಕಡೆ ನೂಕಿದಳು.

“ಯಾರೂ ಓದಿಲ್ಲ. ನೀನರ ಓದು.”

ಮೊದಲನೆಯದನ್ನು ಬಿಚ್ಚಿ ಜೋರಾಗಿ ಓದತೊಡಗಿದೆ. ‘ನನಗ ಒಬ್ಬಾಕಿ ತಂಗಿ ಅದಾಳ. ಸಿಟ್ಟು ಬಾಳ, ಮನಸು ಬೆಣ್ಣಿ. ಐತವಾರಕ್ಕೊಮ್ಮೆ ಬರ್ತಾಳ. ಬಂದಾಗಿಂದ ಗಡಿಯಾರ ನೋಡ್ತಾಳ. ಅಕಿಗೆ ಹೇಳಬೇಕಂತ ವಾರಗಟ್ಲೆ ಇಟ್ಕೊಂಡಿದ್ದು ಹಂಗ ಉಳಿದು ಹೋಗತೈತಿ. ಅದನ್ನ ನಿಮಗ ಬರ್ಯಾಕತ್ತೀನಿ.’

ಅಲ್ಲಿಗೆ ನಿಲ್ಲಿಸಿ ಅವಳ ಕಡೆ ನೋಡಿದೆ. ಅಕ್ಕ ತನ್ನ ಸೆರಗಿನಿಂದ ಕಣ್ಣೊರೆಸಿಕೊಂಡು, ಅಭ್ಯಾಸದಂತೆ ಗೋಡೆಯ ಗಡಿಯಾರದ ಕಡೆ ನೋಡಿದಳು.

“ಆರರ ಬಸ್ಸಿಗೆ ಹೊತ್ತಾತು ನೋಡು.”

“ಹೋಗ್ಲಿ ಬಿಡು,” ಎಂದೆ. ಇನ್ನೂ ಎಂಟು ಪತ್ರ ಇದ್ದವು.